ಭರಣಿಯ ಹತ್ತಿರವೂ ಬಾ

ಪುಳ್ಳೀ, ಬೆಂಗಳೂರಿನಲ್ಲಿ ಗೆಳೆಯರೆಲ್ಲ ಸೇರಿ ಸ್ಪೇನಿನ ಹಳೆ ಕೆಂಪು ವೈನಿನ ರುಚಿ ನೋಡಲು ಹೋಗುತ್ತೀರಂತೆ. ಬೇಡವೆನ್ನಲು ಬರೆಯುತ್ತಿಲ್ಲ. ರಿಯೋಹಾ ಸೀಮೆಯ 1964ರ ಫಸಲಿಗೆ ಇವತ್ತಿಗೂ ದೊಡ್ಡ ಹೆಸರು. ಅಲ್ಲಿ ಗ್ರಾನ್ ರೆಸೆರ್ವಾ ಎನ್ನಿಸಿಕೊಳ್ಳಬೇಕಾದರೆ ಕೆಂಪು ವೈನು 5 ವರ್ಷ ಕಾಯಬೇಕು, ಅದರಲ್ಲಿ ಕಡಿಮೆಯೆಂದರೂ 2 ವರ್ಷ ಓಕ್ ಮರದ ಪೀಪಾಯಿಯಲ್ಲಿ. ಇದನ್ನೆಲ್ಲ ತಿಳಿದು ಸವಿಯುವ ನಾಲಿಗೆ ಒಳ್ಳೆಯದೇ. ಊರಿಗೆ ಬಂದಾಗ ಅದೇ ನಾಲಿಗೆಯನ್ನು ನಮ್ಮ ಉಗ್ರಾಣದ ಮಾವಿನ ಮಿಡಿಗೂ ಕೊಡು.

ಮಿಡಿಯ ಗುಣ ಅರ್ಧ ಮರದಲ್ಲೇ ತೀರ್ಮಾನವಾಗಿರುತ್ತದೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ತೋಟದ ಬದಿಯಲ್ಲಿ, ಗುಡ್ಡೆಯ ಬುಡದಲ್ಲಿ ನಿಂತ ಕಾಟು ಮಾವುಗಳಲ್ಲಿ ಒಂದರ ಸೊನೆಯ ಪರಿಮಳ ಇನ್ನೊಂದಕ್ಕಿಲ್ಲ. ಒಂದೇ ಮರವೂ ವರ್ಷ ವರ್ಷ ಒಂದೇ ಹಾಗೆ ಬಿಡುವುದಿಲ್ಲ. ಧನು, ಮಕರದಲ್ಲಿ ಚಳಿ ಬಿದ್ದು ಆಕಾಶ ತಿಳಿಯಾಗಿದ್ದರೆ ಹೂ ನಿಲ್ಲುತ್ತದೆ; ಮೋಡ ಕವಿದು ಮಳೆ ಹನಿಸಿದರೆ ಕರಟಿ ಉದುರುತ್ತದೆ. ಒಳ್ಳೆಯ ವರ್ಷ ಸಿಕ್ಕಿತೋ, ಗೊರಟು ಬಲಿಯುವ ಮೊದಲೇ ತೊಟ್ಟು ಸಮೇತ, ನೆಲಕ್ಕೆ ಬೀಳಿಸದೆ ಇಳಿಸಿಕೊಳ್ಳಬೇಕು. ಪೆಟ್ಟು ತಿಂದ ಒಂದು ಮಿಡಿ ಸಾಕು, ಭರಣಿಯೇ ಹಾಳಾದೀತು. ಕಲ್ಲುಪ್ಪಿನ ಜೊತೆ ಪದರ ಪದರವಾಗಿ ಹಾಕಿ, ಮೇಲೆ ಭಾರ ಇಟ್ಟು, ಮಿಡಿ ಸುಕ್ಕುಗಟ್ಟಿದ ಮೇಲೆ ಸಾಸಿವೆ ಮೆಣಸಿನ ಅರಪ್ಪು. ಆಮೇಲೆ ಒದ್ದೆ ಕೈ ಸೋಕಬಾರದು.

ಹೊಸ ಮಿಡಿಯನ್ನು ಯಾರಾದರೂ ಮೆಚ್ಚುತ್ತಾರೆ. ಕಚ್ಚಿದರೆ ಕಟುಂ ಎನ್ನುತ್ತದೆ, ಸಾಸಿವೆ ಮೂಗಿಗೇರುತ್ತದೆ. ಮೂರನೆಯ ವರ್ಷದ ಮಿಡಿಯಲ್ಲಿ ಅದನ್ನೇ ಹುಡುಕಬೇಡ. ಸಾಸಿವೆಯ ಘಾಟು ದಿನ ಕಳೆದಂತೆ ಹಾರಿಹೋಗುತ್ತದೆ, ರಸ ಕಪ್ಪಿಗೆ ತಿರುಗುತ್ತದೆ. ಉಪ್ಪು, ಹುಳಿ, ಖಾರ ಮೂರೂ ಒಳಗಿನ ತನಕ ಇಳಿದು, ಯಾವುದು ಎಲ್ಲಿ ಮುಗಿಯಿತೆಂದು ತಿಳಿಯದಂತೆ ಬೆರೆತಿರುತ್ತವೆ. ಬಿಸಿ ಕುಚ್ಚಲಕ್ಕಿ ಗಂಜಿ ಬಡಿಸಿಕೊಂಡು ಮೊದಲೆರಡು ತುತ್ತು ಹಾಗೇ ಉಣ್ಣು, ನಾಲಿಗೆ ತೊಳೆದ ಹಾಗಾಗಲಿ. ಆಮೇಲೆ ಮಿಡಿಯನ್ನು ತೊಟ್ಟಿನ ಕಡೆಯಿಂದ ಕಚ್ಚು, ಸೊನೆ ಅಲ್ಲೇ ಇರುವುದು. ಬೇಗ ನುಂಗಬೇಡ. ಮೊದಲು ಉಪ್ಪು, ಹಿಂದೆಯೇ ಹುಳಿ, ಎಲ್ಲ ಇಳಿದ ಮೇಲೆ ಮರದ ಪರಿಮಳ ಗಂಟಲಿನಿಂದ ಮೂಗಿಗೆ ಬರುತ್ತದೆ. ಮಸಾಲೆ ಸೋತಷ್ಟೂ ಮರದ ಗುರುತು ಸಿಕ್ಕುತ್ತದೆ. ಎರಡು ಭರಣಿಯ ಮಿಡಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಇನ್ನೂ ಚೆನ್ನಾಗಿ ಗೊತ್ತಾದೀತು. ಇದು ಒಂದು ಊಟಕ್ಕೆ ಬರುವ ವಿದ್ಯೆ ಅಲ್ಲ, ಉಪ್ಪು ಹೆಚ್ಚು, ಒಂದೇ ಸಲ ಬಹಳ ತಿನ್ನಲೂಬೇಡ.

ಆ ವೈನಿನ ಬಾಟಲಿಯ ಮೇಲೆ ಫಸಲಿನ ವರ್ಷ ಅಚ್ಚಾಗಿರುತ್ತದೆ. ನಮ್ಮ ಭರಣಿಯ ಮೇಲೆ ಏನೂ ಇಲ್ಲ. ಯಾವ ಮರ, ಯಾವ ವರ್ಷ ಎಂಬುದು ಹಾಕಿದವರ ನೆನಪಿನಲ್ಲಿ ಮಾತ್ರ, ಅವರು ಹೋದರೆ ಅದೂ ಹೋಯಿತು. ನನಗೆ ನಿಜವಾಗಿ ಸಂಕಟ ಆಗುವುದು ಇದಕ್ಕೇ. ಈ ಸಲ ಬಂದಾಗ ನಾನು ಹೇಳುತ್ತಾ ಹೋಗುತ್ತೇನೆ, ನೀನು ಚೀಟಿ ಬರೆದು ಒಂದೊಂದಕ್ಕೂ ಅಂಟಿಸು. ಚೀಟಿಯಷ್ಟೇ ಸಾಲದು, ಮರವೂ ಉಳಿಯಬೇಕು; ರಬ್ಬರಿಗೆಂದೂ ರಸ್ತೆಗೆಂದೂ ಎಷ್ಟೋ ಮರ ಕಡಿದಾಯಿತು. ಬೀಜ ಬಿತ್ತಿದರೆ ಅದೇ ಗುಣ ಬಂದೀತೆಂಬ ಭರವಸೆಯಿಲ್ಲ, ಕಸಿಯೇ ಆಗಬೇಕು. ಮಳೆಗಾಲದ ಶುರುವಿಗೇ ಬಾ, ಕೆರೆ ಬದಿಯ ಮರದ ಕಡ್ಡಿ ತೆಗೆಸಿ ಕಟ್ಟಿಸೋಣ. ನಾಲ್ಕು ಗಿಡ ಹಿಡಿದರೆ ಎರಡನ್ನು ನಿನ್ನ ಅತ್ತೆಯ ಮನೆಗೆ ಕೊಡು.