50 ಸೆಂಟಿನ ಪುಸ್ತಕ: ಫ್ರೆಡರಿಕ್ ಡಗ್ಲಾಸ್‌ಗೆ ಓದು ಕಲಿಸಿದ್ದೇನು?

ಅಕೌಂಟೆನ್ಸಿಯಲ್ಲಿ ನಾವು ಮೊದಲಿಗೆ ಕಲಿಯುವ ಪದಗಳಲ್ಲಿ ‘ಆಸ್ತಿ’ ಒಂದು. ಕಟ್ಟಡ, ಯಂತ್ರ, ಪೀಠೋಪಕರಣ, ದಾಸ್ತಾನು ಎಂದು ಪಟ್ಟಿ ಬರೆಯುತ್ತೇವೆ. ಆ ಪಟ್ಟಿಯಲ್ಲಿ ಮನುಷ್ಯರು ಇರುವುದಿಲ್ಲ. ಯಾಕೆ ಇಲ್ಲ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಕಳೆದ ರಜೆಯಲ್ಲಿ ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಫ್ರೆಡರಿಕ್ ಡಗ್ಲಾಸ್ ಅವರ ಆತ್ಮಕಥೆಯನ್ನು ಓದಿದೆ. ಅದರಲ್ಲಿ ಒಂದು ಕಡೆ ಒಡೆಯ ಸತ್ತ ಮೇಲೆ ಅವನ ಆಸ್ತಿಯನ್ನು ಪಾಲು ಮಾಡುತ್ತಾರೆ. ಬೆಲೆ ಕಟ್ಟಲು ಗಂಡಸರು, ಹೆಂಗಸರು, ಮಕ್ಕಳು, ಕುದುರೆ, ದನ, ಹಂದಿ ಎಲ್ಲವನ್ನೂ ಒಟ್ಟಿಗೆ ಸೇರಿಸುತ್ತಾರೆ. ಬೆಲೆ ಕಟ್ಟಿಸಿಕೊಳ್ಳಲು ನಿಂತವರಲ್ಲಿ ಬಾಲಕ ಡಗ್ಲಾಸ್ ಕೂಡ ಒಬ್ಬರು. ಆ ಪುಟ ಓದಿ ಪುಸ್ತಕ ಮುಚ್ಚಿಟ್ಟೆ. ಸ್ವಲ್ಪ ಹೊತ್ತು ಮುಂದೆ ಓದಲು ಆಗಲಿಲ್ಲ.

ಯಾರು ಈ ಡಗ್ಲಾಸ್?

ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 1818ರ ಸುಮಾರಿಗೆ ಹುಟ್ಟಿದರು. ತಾಯಿ ಗುಲಾಮಳು, ಆದ್ದರಿಂದ ಮಗನೂ ಗುಲಾಮ. ಅಲ್ಲಿನ ಕಾನೂನೇ ಹಾಗಿತ್ತು. ತಾವು ಹುಟ್ಟಿದ ದಿನ ಯಾವುದೆಂದು ಅವರಿಗೆ ಕೊನೆಯವರೆಗೂ ಖಚಿತವಾಗಿ ತಿಳಿಯಲಿಲ್ಲ. ಸುಮಾರು 8 ವರ್ಷದವರಿದ್ದಾಗ ಅವರನ್ನು ಬಾಲ್ಟಿಮೋರ್ ನಗರದ ಒಂದು ಮನೆಗೆ ಕೆಲಸಕ್ಕೆ ಕಳಿಸಿದರು. ಆ ಮನೆಯ ಯಜಮಾನಿ ಸೋಫಿಯಾ ಆಲ್ಡ್ ಆರಂಭದಲ್ಲಿ ಕರುಣೆ ಇದ್ದವರು. ಹುಡುಗನಿಗೆ ಎ, ಬಿ, ಸಿ ಕಲಿಸಿದರು, ಸಣ್ಣ ಪದಗಳನ್ನೂ ಹೇಳಿಕೊಟ್ಟರು. ಇದು ಗೊತ್ತಾದ ಕೂಡಲೇ ಅವರ ಗಂಡ ಹ್ಯೂ ಆಲ್ಡ್ ಪಾಠ ನಿಲ್ಲಿಸಿದ. ಓದು ಕಲಿತ ಗುಲಾಮ ಮತ್ತೆ ಗುಲಾಮನಾಗಿ ಉಳಿಯುವುದಿಲ್ಲ ಎಂಬುದು ಅವನ ವಾದ.

ಹುಡುಗ ಪಕ್ಕದಲ್ಲೇ ನಿಂತು ಇದನ್ನು ಕೇಳಿಸಿಕೊಂಡ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಮುಖ್ಯವಾದ ಘಟನೆ ಇದೇ. ಬಿಳಿಯರು ಕರಿಯರನ್ನು ಆಳುವುದು ಹೇಗೆ ಎಂದು ಅಲ್ಲಿಯವರೆಗೆ ಅವರಿಗೆ ಅರ್ಥವಾಗಿರಲಿಲ್ಲ. ಅಕ್ಷರ ಸಿಗದಂತೆ ಮಾಡಿಯೇ ಆಳುತ್ತಾರೆ ಎಂದು ಅವತ್ತು ಗೊತ್ತಾಯಿತು. ಪಾಠ ನಿಲ್ಲಿಸಿದ ಒಡೆಯನೇ ಗೊತ್ತಿಲ್ಲದೆ ದೊಡ್ಡ ಪಾಠ ಕಲಿಸಿದ್ದ. ಇದು ಒಂದು ಮನೆಯ ಮಾತಷ್ಟೇ ಆಗಿರಲಿಲ್ಲ. ದಕ್ಷಿಣ ಕ್ಯಾರೊಲಿನಾದಲ್ಲಿ 1740ರಲ್ಲೇ ಗುಲಾಮರಿಗೆ ಬರೆಯಲು ಕಲಿಸುವವರಿಗೆ ದಂಡ ಹಾಕುವ ಕಾನೂನು ಬಂದಿತ್ತು.

ರೊಟ್ಟಿ ಕೊಟ್ಟು ಅಕ್ಷರ ಪಡೆದದ್ದು

ಡಗ್ಲಾಸ್ ಬಿಡಲಿಲ್ಲ. ಕೆಲಸಕ್ಕೆಂದು ಹೊರಗೆ ಹೋಗುವಾಗ ಜೇಬಿನಲ್ಲಿ ರೊಟ್ಟಿ ಇಟ್ಟುಕೊಳ್ಳುತ್ತಿದ್ದರು. ಬೀದಿಯಲ್ಲಿ ಹಸಿದಿದ್ದ ಬಡ ಬಿಳಿ ಹುಡುಗರಿಗೆ ಅದನ್ನು ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಳ್ಳುತ್ತಿದ್ದರು. ಮುಂದೆ ಆತ್ಮಕಥೆ ಬರೆದಾಗ ಆ ಹುಡುಗರ ಹೆಸರು ಬರೆಯಲಿಲ್ಲ, ಅವರಿಗೆ ತೊಂದರೆಯಾಗಬಾರದು ಎಂದು.

ಬರೆಯಲು ಕಲಿತದ್ದು ಹಡಗು ಕಟ್ಟುವ ಜಾಗದಲ್ಲಿ. ಮರದ ತುಂಡು ಹಡಗಿನ ಯಾವ ಭಾಗಕ್ಕೆ ಎಂದು ತಿಳಿಯಲು ಬಡಗಿಗಳು ಅದರ ಮೇಲೆ ‘ಎಲ್’, ‘ಎಸ್’ ಎಂಬ ಅಕ್ಷರಗಳನ್ನು ಬರೆಯುತ್ತಿದ್ದರು. ಡಗ್ಲಾಸ್ ಅದನ್ನು ನೋಡಿ ಬರೆದು ಕಲಿತರು. ಇದನ್ನು ಓದುವಾಗ ನನಗೆ ನನ್ನ ನೆನಪಾಯಿತು. ನಮ್ಮ ಮನೆಯಲ್ಲಿ ಮಾತು ಉರ್ದು. ಕನ್ನಡ ಓದು ನನಗೆ ಸರಾಗವಾದದ್ದು ಅಬ್ಬಾ ಜೊತೆ ಬಸ್ಸಿನಲ್ಲಿ ಕೂತು ಅಂಗಡಿ ಬೋರ್ಡುಗಳನ್ನು ಜೋರಾಗಿ ಓದುತ್ತಾ. ಆದರೆ ನನ್ನನ್ನು ಯಾರೂ ತಡೆಯಲಿಲ್ಲ. ತಪ್ಪಾಗಿ ಓದಿದಾಗ ಕಂಡಕ್ಟರ್ ನಗುತ್ತಾ ತಿದ್ದಿದರು.

ಸುಮಾರು 12ನೇ ವಯಸ್ಸಿನಲ್ಲಿ ಡಗ್ಲಾಸ್ 50 ಸೆಂಟು ಕೊಟ್ಟು ‘ದ ಕೊಲಂಬಿಯನ್ ಒರೇಟರ್’ ಎಂಬ ಪುಸ್ತಕ ಕೊಂಡರು. ಅದು ಭಾಷಣ, ಸಂಭಾಷಣೆಗಳ ಶಾಲಾ ಪುಸ್ತಕ. ಅದರಲ್ಲಿ ಒಬ್ಬ ಒಡೆಯನಿಗೂ ಓಡಿಹೋಗಿ ಸಿಕ್ಕಿಬಿದ್ದ ಗುಲಾಮನಿಗೂ ವಾದ ನಡೆಯುತ್ತದೆ. ಗುಲಾಮ ಎಷ್ಟು ಚೆನ್ನಾಗಿ ವಾದಿಸುತ್ತಾನೆಂದರೆ ಕೊನೆಗೆ ಒಡೆಯ ಅವನನ್ನು ಬಿಡುಗಡೆ ಮಾಡುತ್ತಾನೆ. ತಮ್ಮ ಮನಸ್ಸಿನಲ್ಲಿದ್ದು ಮಾತಾಗದೆ ಹೋದದ್ದಕ್ಕೆ ಡಗ್ಲಾಸ್‌ಗೆ ಇಲ್ಲಿ ಮಾತು ಸಿಕ್ಕಿತು.

ಓದು ಸುಖ ಕೊಡಲಿಲ್ಲ

ಓದಿದರೆ ಮನಸ್ಸಿಗೆ ನೆಮ್ಮದಿ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಡಗ್ಲಾಸ್ ಹಾಗೆ ಹೇಳುವುದಿಲ್ಲ. ಓದಿದ ಮೇಲೆ ಸಂಕಟ ಹೆಚ್ಚಾಯಿತು ಎನ್ನುತ್ತಾರೆ. ರೋಗ ಏನೆಂದು ಗೊತ್ತಾಯಿತು, ಔಷಧಿ ಕೈಯಲ್ಲಿರಲಿಲ್ಲ. ಓದು ಬಾರದ ಜೊತೆಗಾರರನ್ನು ಕಂಡು ಕೆಲವೊಮ್ಮೆ ಅಸೂಯೆಯೂ ಆಗುತ್ತಿತ್ತು. ಆದರೂ ಮುಂದೆ ಹಳ್ಳಿಯಲ್ಲಿದ್ದಾಗ ಭಾನುವಾರಗಳಂದು ಗುಟ್ಟಾಗಿ ಇತರ ಗುಲಾಮರಿಗೆ ಓದು ಕಲಿಸಿದರು.

6 ಡಾಲರು, 6 ಸೆಂಟು

ವಾಣಿಜ್ಯ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಲೆಕ್ಕ ಇಲ್ಲಿದೆ. ದೊಡ್ಡವರಾದ ಮೇಲೆ ಡಗ್ಲಾಸ್ ಹಡಗಿನ ಹಲಗೆಗಳ ಸಂದು ಮುಚ್ಚುವ ಕೆಲಸ ಕಲಿತರು. ವಾರದ ಕೂಲಿಯನ್ನೆಲ್ಲ ಒಡೆಯನ ಕೈಗೆ ಕೊಡಬೇಕಿತ್ತು. 6 ಡಾಲರು ತಂದುಕೊಟ್ಟಾಗ ಅವನು ಕೆಲವೊಮ್ಮೆ ಪ್ರೋತ್ಸಾಹಕ್ಕೆಂದು 6 ಸೆಂಟು ಕೊಡುತ್ತಿದ್ದ. ಅಂದರೆ ನೂರಕ್ಕೆ ಒಂದು ಪಾಲು. ಬೇರೆಯವರಾದರೆ ಖುಷಿಪಡುತ್ತಿದ್ದರೇನೋ. ಡಗ್ಲಾಸ್‌ಗೆ ಹಾಗೆ ಅನ್ನಿಸಲಿಲ್ಲ. ಕೂಲಿಯಲ್ಲಿ ಸ್ವಲ್ಪ ಕೊಟ್ಟರೆ, ಪೂರ್ತಿ ಕೂಲಿ ತನ್ನದೇ ಎಂದು ಒಡೆಯನೇ ಒಪ್ಪಿದ ಹಾಗಾಯಿತು ಎಂದು ಅವರಿಗೆ ತೋರಿತು. ಓದಿದ ಮನಸ್ಸು ಲೆಕ್ಕ ನೋಡುವುದು ಹೀಗೆ.

1838ರ ಸೆಪ್ಟೆಂಬರ್ 3ರಂದು ನಾವಿಕನ ವೇಷದಲ್ಲಿ, ಬೇರೆಯವರ ಕಾಗದಪತ್ರ ಹಿಡಿದು ಅವರು ತಪ್ಪಿಸಿಕೊಂಡರು. 1845ರಲ್ಲಿ ಆತ್ಮಕಥೆ ಪ್ರಕಟಿಸಿದರು. ಆಗಲೂ ಕಾನೂನಿನ ಲೆಕ್ಕದಲ್ಲಿ ಅವರು ಒಡೆಯನ ಆಸ್ತಿಯೇ. 1846ರಲ್ಲಿ ಬ್ರಿಟನ್ನಿನ ಗೆಳೆಯರು 150 ಪೌಂಡ್ ಕೊಟ್ಟು ಅವರನ್ನು ಬಿಡಿಸಿದರು. ಅಮೆರಿಕದಲ್ಲಿ ಸಂವಿಧಾನದ ತಿದ್ದುಪಡಿಯಿಂದ ಗುಲಾಮಗಿರಿ ರದ್ದಾದದ್ದು 1865ರಲ್ಲಿ.

ನಮ್ಮ ಮನೆಯ ಲೆಕ್ಕ

ಚಿಕ್ಕಂದಿನಲ್ಲಿ ನಾನಿ ನಮಗೆ ಹಜ್ರತ್ ಬಿಲಾಲ್ (ರ) ಅವರ ಕಥೆ ಹೇಳುತ್ತಿದ್ದರು. ಗುಲಾಮರಾಗಿದ್ದ ಆ ಕಪ್ಪು ಮನುಷ್ಯ ಅಜಾನ್ ಕೊಟ್ಟ ಮೊದಲಿಗರು ಎಂದು ಹೇಳುವಾಗ ನಾನಿಯ ಕಣ್ಣು ತುಂಬುತ್ತಿತ್ತು. ಆದರೆ ಅದೇ ಮನೆಯಲ್ಲಿ ರಿಶ್ತಾ ಮಾತು ಬಂದರೆ ಮೊದಲು ಕೇಳುವುದು ಹುಡುಗಿಯ ಬಣ್ಣ ಹೇಗಿದೆ ಎಂದು. ನನ್ನ ಖಾಲಾ ಮಗಳನ್ನು ಎಲ್ಲರೂ ‘ಕಾಲಿ’ ಎಂದೇ ಕರೆಯುತ್ತಾರೆ. ನಾನೂ ಕರೆದಿದ್ದೇನೆ. ಗುಲಾಮಗಿರಿಯ ಮುಂದೆ ಇದು ತೀರಾ ಸಣ್ಣದು, ನನಗೆ ಗೊತ್ತು. ಆದರೂ ಚರ್ಮ ನೋಡಿ ಬೆಲೆ ಕಟ್ಟುವ ಚಾಳಿ ಇಲ್ಲೂ ಇದೆ.

ಪುಸ್ತಕ ಮುಗಿಸಿದ ವಾರ ಅವಳು ಮನೆಗೆ ಬಂದಳು. ಅವಳ ನಿಜವಾದ ಹೆಸರು ಹಿಡಿದು ಕರೆದೆ. ಆಶ್ಚರ್ಯದಿಂದ ನೋಡಿದಳು. ಆ ಹೆಸರು ನಿನಗೆ ಬೇಜಾರಾಗುತ್ತಿತ್ತಾ ಎಂದು ಕೇಳಿದೆ. “ಆಗ್ತಿತ್ತು. ಆದ್ರೆ ಇಷ್ಟು ವರ್ಷದಲ್ಲಿ ಕೇಳಿದ್ದು ನೀನೊಬ್ಬಳೇ” ಅಂದಳು. ನನಗೆ ತಲೆ ಎತ್ತಲು ಆಗಲಿಲ್ಲ. ಮನೆಯಲ್ಲಿ ಉಳಿದವರು ಇನ್ನೂ ಆ ಹೆಸರು ಬಿಟ್ಟಿಲ್ಲ. ನಾನು ಪ್ರತಿಸಲ ತಿದ್ದುತ್ತಿದ್ದೇನೆ.

ಗೆಳೆಯರೇ, ಯೋಚಿಸಿ ನೋಡಿ

1. ಹ್ಯೂ ಆಲ್ಡ್ ಓದಿಗೆ ಯಾಕೆ ಹೆದರಿದ?
2. 6 ಸೆಂಟು ಪ್ರೋತ್ಸಾಹವೋ, ಅನ್ಯಾಯದ ಸಾಕ್ಷಿಯೋ?
3. ನೀವು ಅಡ್ಡಹೆಸರಿನಿಂದ ಕರೆಯುವ ಯಾರನ್ನಾದರೂ, ಅದು ಇಷ್ಟವೇ ಎಂದು ಎಂದಾದರೂ ಕೇಳಿದ್ದೀರಾ?

ಮೂರನೆಯದಕ್ಕೆ ಉತ್ತರ ಬರೆಯಬೇಕಾಗಿಲ್ಲ. ಹೋಗಿ ಕೇಳಿದರೆ ಸಾಕು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ