ನಿರ್ವಿಷ ಸರ್ಪಗಳ ವೇಷಾನುಕರಣ

ಹಾವೆಂಬ ಮಾತು ಕಿವಿಗೆ ಬಿದ್ದೊಡನೆ ದೊಣ್ಣೆಯನ್ನು ಹುಡುಕುವದು ನಮ್ಮ ಜನರ ವಾಡಿಕೆ. ಅದು ಯಾವ ಜಾತಿಯದು, ವಿಷವುಳ್ಳದ್ದೋ ಇಲ್ಲದ್ದೋ ಎಂದು ವಿಚಾರಿಸುವವರು ವಿರಳ. ವಿಚಾರಿಸಿದರೂ ಒಮ್ಮೊಮ್ಮೆ ಕಣ್ಣೇ ಮೋಸಹೋಗುವದುಂಟು. ಯಾಕಂದರೆ ನಿರ್ವಿಷವಾದ ಕೆಲವು ಹಾವುಗಳು ವಿಷದ ಹಾವುಗಳ ರೂಪವನ್ನೇ ಹೊಂದಿರುತ್ತವೆ. ಇದು ಹೇಗಾಯಿತು, ಇದರಿಂದ ಅವುಗಳಿಗೆ ಪ್ರಯೋಜನವೇನು, ಇದರಿಂದ ನಾವು ಕಲಿಯತಕ್ಕದ್ದೇನು ಎಂಬ ಮೂರು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಮಾಡುವೆವು.

ನಮ್ಮ ಹನುಮಂತನಗರವು ಗುಡ್ಡಬಂಡೆಗಳ ನಡುವೆ ಬೆಳೆದ ಬಡಾವಣೆ. ರಾಮಾಂಜನೇಯ ಗುಡ್ಡ, ಕುಮಾರಸ್ವಾಮಿ ದೇವಸ್ಥಾನದ ಗುಡ್ಡ, ಅನತಿದೂರದಲ್ಲಿರುವ ಕಹಳೆಬಂಡೆ, ಕೆಂಪಾಂಬುಧಿ ಕೆರೆ, ಇವನ್ನು ನಮ್ಮ ವಿದ್ಯಾರ್ಥಿನಿಯರು ಬಲ್ಲರು. ಬಂಡೆಯ ಬಿರುಕೂ ಇಲಿಹಲ್ಲಿಗಳೂ ಇರುವಲ್ಲಿ ಹಾವಿಗೂ ಎಡೆಯುಂಟು. ಬೆಂಗಳೂರಿನಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲಗಳೆಂಬ ವಿಷಸರ್ಪಗಳಿವೆ. ನಿರ್ವಿಷವಾದ ಜಾತಿಗಳೂ ಅನೇಕವಿವೆ. ಇವುಗಳಲ್ಲಿ ತೋಳಹಾವೆಂಬುದೇ ನಮ್ಮ ಪಾಠಕ್ಕೆ ಮುಖ್ಯ ಉದಾಹರಣೆ.

ಕಟ್ಟುಹಾವು ನೀಲಿಛಾಯೆಯ ಕಪ್ಪು ಬಣ್ಣದ್ದು. ಮೈಮೇಲೆ ತೆಳುವಾದ ಬಿಳಿಯ ಅಡ್ಡಪಟ್ಟೆಗಳು ಹಲವು ವೇಳೆ ಜೋಡಿಜೋಡಿಯಾಗಿರುವವು. ತೋಳಹಾವು ಕಂದುಬಣ್ಣದ್ದು; ಅದಕ್ಕೂ ಬಿಳಿ ಅಥವಾ ಹಳದಿಮಿಶ್ರವಾದ ಅಡ್ಡಪಟ್ಟೆಗಳುಂಟು. ಎರಡೂ ರಾತ್ರಿಯಲ್ಲಿ ಸಂಚರಿಸತಕ್ಕವು. ತೋಳಹಾವು ಗೋಡೆಯನ್ನೇರಿ ಹಲ್ಲಿಗಳನ್ನು ಹಿಡಿಯುವದು. ಅದರ ಮುಂದಿನ ಹಲ್ಲುಗಳು ತೋಳದ ಕೋರೆಗಳಂತೆ ಉದ್ದವಾಗಿರುವದರಿಂದ ಆ ಹೆಸರು ಬಂದಿತು. ಪಟ್ಟೆಗಳು ಕತ್ತಿನಿಂದಲೇ ಆರಂಭವಾಗಿ ಬಾಲದ ಕಡೆಗೆ ಮಾಸಿಹೋದರೆ ಸಾಮಾನ್ಯವಾಗಿ ಅದು ತೋಳಹಾವು. ತಲೆಯ ಹಿಂದೆ ಸ್ವಲ್ಪ ದೂರ ಪಟ್ಟೆಯಿಲ್ಲದೆ, ಹಿಂದಕ್ಕೆ ಹೋದಂತೆ ಸ್ಪಷ್ಟವಾದರೆ ಕಟ್ಟುಹಾವು. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಆರು ಮೂಲೆಗಳುಳ್ಳವಾಗಿಯೂ ದೊಡ್ಡವಾಗಿಯೂ ಇರುವವು, ತೋಳಹಾವಿನಲ್ಲಿ ಹಾಗಿಲ್ಲ.

ಇಂಥ ಹೋಲಿಕೆಯ ಕಾರಣವನ್ನು ಶಾಸ್ತ್ರೀಯವಾಗಿ ವಿವರಿಸಿದವನು ಹೆನ್ರಿ ವಾಲ್ಟರ್ ಬೇಟ್ಸ್ ಎಂಬ ಆಂಗ್ಲ ವಿದ್ವಾಂಸನು. ಇವನು ೧೮೪೮ರಿಂದ ೧೮೫೯ರ ವರೆಗೆ ಅಮೆಜಾನ್ ನದಿಯ ಕಾಡುಗಳಲ್ಲಿದ್ದು, ಹಕ್ಕಿಗಳಿಗೆ ರುಚಿಸದ ಚಿಟ್ಟೆಗಳ ವೇಷವನ್ನು ಬೇರೆ ಚಿಟ್ಟೆಗಳು ತಾಳಿರುವದನ್ನು ಕಂಡು, ೧೮೬೨ರಲ್ಲಿ ಅದನ್ನು ಪ್ರಕಟಿಸಿದನು. ನಮ್ಮ ಹಿತ್ತಲ ಕರಿಬೇವಿನ ಎಲೆಯನ್ನು ತಿಂದು ಬೆಳೆಯುವ ಕಪ್ಪು ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು, ಈಶ್ವರಬಳ್ಳಿಯ ವಿಷವನ್ನು ಮೈಗೂಡಿಸಿಕೊಂಡ ಗುಲಾಬಿ ಚಿಟ್ಟೆಯಂತೆ ಕಾಣುವದೂ ಇದೇ ನಿಯಮದಿಂದ.

ಆದರೆ ಯಾವ ಹಾವೂ ಆಲೋಚಿಸಿ ವೇಷ ಧರಿಸಲಿಲ್ಲ. ಒಂದೇ ತಾಯಿಯ ಮರಿಗಳಲ್ಲಿಯೂ ಬಣ್ಣದ ಸ್ವಲ್ಪ ಭೇದವಿರುವದು. ಪೂರ್ವಕಾಲದಲ್ಲಿ ಯಾವದೋ ಮರಿಯ ಮೈಮೇಲೆ ಕಟ್ಟುಹಾವನ್ನು ಅಲ್ಪಸ್ವಲ್ಪ ಹೋಲುವ ಪಟ್ಟೆ ಮೂಡಿರಬೇಕು. ಅದನ್ನು ಕಂಡ ಹಕ್ಕಿಯೋ ಮೃಗವೋ ಕ್ಷಣಕಾಲ ಹಿಂಜರಿದರೆ ಅಷ್ಟರಲ್ಲಿ ಮರಿಯು ಬಿರುಕನ್ನು ಸೇರಿತು. ಉಳಿದುಕೊಂಡದ್ದು ತನ್ನಂಥ ಮರಿಗಳನ್ನು ಪಡೆಯಿತು. ಹೀಗೆ ಅಸಂಖ್ಯ ತಲೆಮಾರುಗಳಲ್ಲಿ ಹೋಲಿಕೆಯು ನಿಚ್ಚಳವಾಯಿತೆಂದು ಪ್ರಾಣಿಶಾಸ್ತ್ರಜ್ಞರು ವಿವರಿಸುವರು.

ಇಲ್ಲಿ ಜಾಣ ಹುಡುಗಿಯೊಬ್ಬಳು ಕೇಳಬಹುದು: ಕಟ್ಟುಹಾವು ಕಚ್ಚಿದ ಪ್ರಾಣಿಯು ಸತ್ತೇಹೋದರೆ ಅದು ಪಾಠ ಕಲಿಯುವದೆಂತು? ೧೯೭೫ರಲ್ಲಿ ಸೂಸನ್ ಸ್ಮಿತ್ ಎಂಬಾಕೆಯು ಪ್ರಕಟಿಸಿದ ಪರೀಕ್ಷೆ ಇದಕ್ಕೆ ಉತ್ತರ ಕೊಡುವದು. ಹಾವನ್ನೇ ಕಾಣದೆ ಮನುಷ್ಯರ ಕೈಯಲ್ಲಿ ಬೆಳೆದ ಅಮೆರಿಕದ ಮೊಟ್‌ಮೊಟ್ ಹಕ್ಕಿಗಳು, ಹವಳಹಾವಿನ ಕೆಂಪು ಹಳದಿ ಬಳೆಗಳನ್ನು ಬಳಿದ ಕಡ್ಡಿಗಳಿಗೆ ಹೆದರಿ ದೂರವಾದವು. ಅಂದರೆ ಭಯವೂ ವಂಶಪರಂಪರೆಯಿಂದ ಬರಬಹುದು. ಮತ್ತೆ ೨೦೦೧ರಲ್ಲಿ ಡೇವಿಡ್ ಫೆನಿಗ್ ಮುಂತಾದವರು ಮೆತ್ತನೆಯ ಕೃತಕ ಜೇಡಿಯಿಂದ ಹಾವುಗಳನ್ನು ಮಾಡಿ ಅಮೆರಿಕದ ಕಾಡುಗಳಲ್ಲಿ ಇರಿಸಿದರು. ನಿಜವಾದ ಹವಳಹಾವು ವಾಸಿಸುವ ಸೀಮೆಯಲ್ಲಿ ಮಾತ್ರ ಬಳೆಯುಳ್ಳ ಗೊಂಬೆಗಳು ಮೃಗಗಳ ಹಲ್ಲಿನಿಂದ ಹೆಚ್ಚಾಗಿ ಪಾರಾದವು. ಅಸಲು ನಾಣ್ಯ ಚಲಾವಣೆಯಲ್ಲಿರುವ ಊರಿನಲ್ಲಿಯೇ ನಕಲು ನಾಣ್ಯವೂ ನಡೆಯುವದಷ್ಟೆ.

ಕಂಡ ಹೋಲಿಕೆಗಳೆಲ್ಲ ಅನುಕರಣವಲ್ಲವೆಂಬುದನ್ನೂ ಮರೆಯಬಾರದು. ಮಣ್ಣುಮುಕ್ಕ ಹಾವಿನ ಕಂದು ಮಚ್ಚೆಗಳು ಕೊಳಕುಮಂಡಲದ ಸರಪಣಿಯಂಥ ಮಚ್ಚೆಗಳನ್ನು ಹೋಲುವವು. ಆದರೆ ಅವೇ ಮಚ್ಚೆಗಳು ಒಣನೆಲದಲ್ಲಿ ಅದನ್ನು ಮರೆಮಾಡಲೂ ಸಾಕು. ಕೇರೆಹಾವನ್ನು ಜನರು ನಾಗರವೆಂದು ಭ್ರಮಿಸುವದು ಅದರ ಗಾತ್ರ ಬಣ್ಣಗಳ ದೆಸೆಯಿಂದ; ಅದಕ್ಕೆ ಹೆಡೆಯೇ ಇಲ್ಲ.

ಪಕ್ಷಿಮೃಗಗಳಿಂದ ಕಾಪಾಡುವ ವೇಷವೇ ಮನುಷ್ಯನ ಮುಂದೆ ಮೃತ್ಯುವಾಗುವದು ಶೋಚನೀಯ. ಹಲ್ಲಿ ಹಿಡಿಯಬಂದ ತೋಳಹಾವು ಕಟ್ಟುಹಾವೆಂಬ ಹೆಸರಿನಿಂದ ಪೆಟ್ಟು ತಿನ್ನುವದು. ಇಲಿಗಳನ್ನು ತಿಂದು ಉಪಕಾರಮಾಡುವ ಕೇರೆಯೂ ಹಾಗೆಯೇ ಸಾಯುವದು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನು ನಮ್ಮ ಹಾವುಗಳಿಗೆ ರಕ್ಷಣೆ ಕೊಟ್ಟಿದೆ.

ಇದಕ್ಕೆ ವಿರುದ್ಧವಾದ ತಪ್ಪು ಇನ್ನೂ ಭಯಂಕರ. "ಇದು ತೋಳಹಾವೇ" ಎಂದು ಕೈಯಿಂದ ಹಿಡಿದದ್ದು ಕಟ್ಟುಹಾವಾದರೆ ಗತಿಯೇನು? ಕಟ್ಟುಹಾವಿನ ಮರಿಗಳಲ್ಲಿ ಪಟ್ಟೆಗಳು ಕತ್ತಿನ ಹತ್ತಿರವೂ ಕಾಣಬಹುದು. ಕೆಲವು ದೊಡ್ಡ ಹಾವುಗಳಲ್ಲಿ ಪಟ್ಟೆಯೇ ಇರದು. ಆದದರಿಂದ ಮೇಲೆ ಹೇಳಿದ ಗುರುತುಗಳು ಜ್ಞಾನಕ್ಕಾಗಿಯೇ ಹೊರತು ಸಾಹಸಕ್ಕಾಗಿ ಅಲ್ಲ. ನೆಲದ ಮೇಲೆ ಮಲಗಿದವರನ್ನು ರಾತ್ರಿಯಲ್ಲಿ ಕಟ್ಟುಹಾವು ಕಚ್ಚಿದರೆ ನೋವೂ ಊತವೂ ಕಾಣದೆ ಇರಬಹುದು. ಬಳಿಕ ಹೊಟ್ಟೆನೋವು, ರೆಪ್ಪೆ ಜೋಲುವದು, ಉಸಿರು ಕಟ್ಟುವದು ಉಂಟಾಗುವವು. ೨೦೦೦ರಿಂದ ೨೦೧೯ರ ವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ ೫೮,೦೦೦ ಮಂದಿ ಹಾವು ಕಚ್ಚಿ ಸತ್ತರೆಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವು ಅಂದಾಜು ಮಾಡಿದೆ.

ವಿದ್ಯಾರ್ಥಿನಿಯರೇ, ಹಾವನ್ನು ಕಂಡರೆ ದೂರ ನಿಲ್ಲಿರಿ. ಕೊಲ್ಲಲೂ ಬೇಡಿರಿ, ಮುಟ್ಟಲೂ ಬೇಡಿರಿ. ಹಿರಿಯರ ಮೂಲಕ ತಿಳಿದವರನ್ನು ಕರೆಯಿಸಿರಿ. ಮಲಗುವ ಮುಂಚೆ ಹಾಸಿಗೆಯನ್ನು ಕೊಡವಿರಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿರಿ, ಕತ್ತಲೆಯಲ್ಲಿ ದೀಪವಿಲ್ಲದೆ ನಡೆಯಬೇಡಿರಿ. ಯಾರಿಗಾದರೂ ಕಚ್ಚಿದರೆ ಹಾವಿನ ಜಾತಿಯನ್ನು ಕುರಿತು ವಾದಿಸುತ್ತಾ ಕಾಲ ಕಳೆಯದೆ, ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಕಚ್ಚಿದ ಅಂಗವನ್ನು ಅಲುಗಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಕೂಡಲೇ ಒಯ್ಯತಕ್ಕದ್ದು. ವೇಷವನ್ನು ನೋಡಿ ಮೋಸಹೋಗುವದು ಹಕ್ಕಿಗೆ ಸಹಜ; ವೇಷವೆಂದು ತಿಳಿದು ಹಿಂಸೆಯನ್ನೂ ದುಡುಕನ್ನೂ ಬಿಡುವದು ವಿದ್ಯೆ ಕಲಿತವರಿಗೆ ತಕ್ಕದ್ದು.