ನಮ್ಮೂರ ಹತ್ತಿರ ದೇಶದ ಗಡಿ ಇದ್ದ ಹದಿಮೂರು ತಿಂಗಳು



ಆಗಸ್ಟ್ 15ಕ್ಕೆ ನಮ್ಮ ಶಾಲೆಯಲ್ಲಿ ಧ್ವಜ ಏರಿಸುತ್ತೇವೆ. ಒಂದು ತಿಂಗಳು ಕಳೆದು ಸೆಪ್ಟೆಂಬರ್ 17 ಬಂತೆಂದರೆ ಮತ್ತೊಮ್ಮೆ ಏರಿಸುತ್ತೇವೆ. ಹೋದ ಸಲ ಐದನೆಯ ತರಗತಿಯ ಹುಡುಗನೊಬ್ಬ, "ಅಣ್ಣಾ, ಸ್ವಾತಂತ್ರ್ಯ ಒಂದ್ಸಲ ಬಂದೈತಿ, ಝಂಡಾ ಯಾಕ ಎರಡು ಸಲ?" ಎಂದು ಕೇಳಿದ. ನಾವು ದೊಡ್ಡ ತರಗತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರಿಗೂ ಸರಿಯಾಗಿ ಹೇಳಲು ಬರಲಿಲ್ಲ. ಆ ನಾಚಿಕೆಯಿಂದಲೇ ಓದಿ, ಹಿರಿಯರನ್ನು ಕೇಳಿ, ಈ ಪಾಠ ಬರೆದಿದ್ದೇನೆ.

ನಾವು ನಿಜಾಮನ ಕೈಗೆ ಹೋದದ್ದು ಹೇಗೆ?

ನಮ್ಮ ಕಕ್ಕೇರಾ ಸುರಪುರ ಸೀಮೆಯ ಊರು. ಸುರಪುರವನ್ನು ನಾಯಕ ಅರಸರು ಆಳುತ್ತಿದ್ದರು. ರಾಜಾ ವೆಂಕಟಪ್ಪ ನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದರು, ಸೋತರು, ಅದೇ ವರ್ಷ ತೀರಿಕೊಂಡರು. ದಂಗೆಯ ಕಾಲದಲ್ಲಿ ಬ್ರಿಟಿಷರ ಕಡೆ ನಿಂತಿದ್ದ ಹೈದರಾಬಾದ್ ನಿಜಾಮನಿಗೆ 1860ರಲ್ಲಿ ಸುರಪುರ ಸಂಸ್ಥಾನವನ್ನು ಕೊಟ್ಟರು. ಅಂದರೆ ನಮ್ಮ ಅರಸರು ಹೋರಾಡಿದ್ದಕ್ಕೆ ನಮ್ಮ ನೆಲ ಇನ್ನೊಬ್ಬರಿಗೆ ಇನಾಮಾಗಿ ಹೋಯಿತು.

ಆಗಿನಿಂದ ಗಡಿ ಹೀಗಿತ್ತು. ನಮ್ಮ ದಕ್ಷಿಣಕ್ಕೆ ಕೃಷ್ಣಾ ಹೊಳಿ. ಹೊಳಿ ಆಚೆ ಲಿಂಗಸುಗೂರು, ಅದೂ ನಿಜಾಮನದೇ. ಆದರೆ ಪಶ್ಚಿಮಕ್ಕೆ ಹುಣಸಗಿ ದಾಟಿ ತಾಳಿಕೋಟಿ ಕಡೆ ಹೋದರೆ, ಇಲ್ಲವೆ ನಾರಾಯಣಪುರ ದಾಟಿ ನಾಲತವಾಡ ಕಡೆ ಹೋದರೆ, ಬಿಜಾಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕು. ಅದು ಬ್ರಿಟಿಷರ ಮುಂಬಯಿ ಪ್ರಾಂತ. ಆ ಕಡೆಯವರು ನಮ್ಮ ಸೀಮೆಗೆ "ಮೊಗಲಾಯಿ" ಅಂತಿದ್ದರು.

ಗಡಿಯ ಎರಡೂ ಕಡೆ ಕನ್ನಡವೇ ಮಾತು, ಜೋಳದ ರೊಟ್ಟಿಯೇ ಊಟ, ಬೀಗತನವೂ ಇತ್ತು. ಆದರೆ ಸರ್ಕಾರ ಬೇರೆ, ರೊಕ್ಕ ಬೇರೆ. ನಮ್ಮ ಕಡೆ ನಿಜಾಮನ ಹಾಲಿ ಸಿಕ್ಕಾ, ಆ ಕಡೆ ಬ್ರಿಟಿಷರ ಕಲ್ದಾರ ರೂಪಾಯಿ. ನಮ್ಮ 7 ರೂಪಾಯಿ ಕೊಟ್ಟರೆ ಅವರ 6 ರೂಪಾಯಿ ಬರುತ್ತಿತ್ತು. ಸಾಮಾನು ತಂದರೆ ಕರೋಡಗಿರಿ ನಾಕಾದಲ್ಲಿ ಸುಂಕ ಕಟ್ಟಬೇಕು. ಕಚೇರಿ ಕಾಗದವೆಲ್ಲ ಉರ್ದು. ಮನೆಯಲ್ಲಿ ಕನ್ನಡ ಆಡುವ ರೈತನಿಗೆ ತನ್ನ ಹೊಲದ ಕಾಗದ ತಾನೇ ಓದಲು ಬರುತ್ತಿರಲಿಲ್ಲ. ಉರ್ದು ಒಳ್ಳೆಯ ಭಾಷೆ, ನಮ್ಮ ಓಣಿಯಲ್ಲೂ ಆಡುತ್ತಾರೆ. ತಪ್ಪು ಭಾಷೆಯದಲ್ಲ, ಜನರ ಮಾತನ್ನು ಕಚೇರಿಯ ಹೊರಗೆ ಇಟ್ಟದ್ದು ತಪ್ಪು.

ಆ ಹದಿಮೂರು ತಿಂಗಳು

ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1947ರ ಜೂನ್‌ನಲ್ಲೇ, ಬ್ರಿಟಿಷರು ಹೋದ ಮೇಲೆ ತಾನು ಸ್ವತಂತ್ರ ಎಂದು ಸಾರಿದ್ದ. ಹೀಗಾಗಿ 1947ರ ಆಗಸ್ಟ್ 15ರಂದು ಮುದ್ದೇಬಿಹಾಳಕ್ಕೆ ಸ್ವಾತಂತ್ರ್ಯ ಬಂತು, ಸುರಪುರಕ್ಕೆ ಬರಲಿಲ್ಲ. ನಿನ್ನೆಯವರೆಗೆ ಎರಡು ಸರ್ಕಾರಗಳ ನಡುವಿನ ಗೆರೆಯಾಗಿದ್ದದ್ದು ಅಂದಿನಿಂದ ಎರಡು ದೇಶಗಳ ಗಡಿಯಂತಾಯಿತು. ಭಾರತ ಅದನ್ನು ಹೊರದೇಶವೆಂದು ಎಂದೂ ಒಪ್ಪಲಿಲ್ಲ. ನಿಜಾಮ ಸರ್ಕಾರ ಮಾತ್ರ ಹಾಗೆಯೇ ನಡೆದುಕೊಂಡಿತು.

1947ರ ನವೆಂಬರ್ 29ರಂದು ಇಬ್ಬರ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಆಯಿತು. ಆದರೂ ನಿಜಾಮ ಸರ್ಕಾರ ತನ್ನ ಸೀಮೆಯಲ್ಲಿ ಭಾರತದ ರೂಪಾಯಿ ನಡೆಯದಂತೆ ಆಜ್ಞೆ ಮಾಡಿತು. ಗಡಿಯ ಊರಿನವರಿಗೆ ಇದು ಎಂಥ ತೊಂದರೆ, ಯೋಚಿಸಿ. ತಾಳಿಕೋಟಿ ಸಂತೆಯಲ್ಲಿ ದನ ಮಾರಿ ತಂದ ರೊಕ್ಕ ನಮ್ಮೂರಲ್ಲಿ ನಡೆಯದಿದ್ದರೆ ಏನು ಮಾಡಬೇಕು? ಇತ್ತ ಭಾರತ ಗಡಿಯಲ್ಲಿ ಸಾಮಾನು ತಡೆದಿದೆ ಎಂದು ನಿಜಾಮ ಸರ್ಕಾರ ದೂರಿತು. ದೊಡ್ಡವರ ಜಗಳದಲ್ಲಿ ಗಡಿಯ ಬಡವರಿಗೆ ಎರಡೂ ಕಡೆಯಿಂದ ಪೆಟ್ಟು.

ಸ್ವಾಮಿ ರಮಾನಂದ ತೀರ್ಥರು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮುಂದಾಳು. ಭಾರತದಲ್ಲಿ ಸೇರಬೇಕೆಂದು ಚಳವಳಿ ನಡೆಸಿ ಸೆರೆಮನೆಗೆ ಹೋದರು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ಲೂಟಿ, ಕೊಲೆ ನಡೆಸಿದರು. ಬಹಳ ಜನ ಊರು ಬಿಟ್ಟು ಗಡಿ ದಾಟಿದರು. ಗಡಿಯಾಚೆ ಹೋರಾಟಗಾರರ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳು, ಗಜೇಂದ್ರಗಡ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಖಂಡರು.

ಇದು ಹಿಂದೂ ಮುಸ್ಲಿಂ ಜಗಳ ಎಂದು ತಿಳಿಯಬಾರದು. ಭಾರತದಲ್ಲಿ ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಂದರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಗೆ ಬಂತು. 17ರಂದು ನಿಜಾಮ ಶರಣಾದ. ಐದೇ ದಿನ! ಅದೇ ನಮ್ಮ ಎರಡನೆಯ ಧ್ವಜದ ದಿನ.

ಒಂದು ಕಹಿ ಮಾತನ್ನೂ ಬರೆಯಬೇಕು. ಆ ನಂತರದ ವಾರಗಳಲ್ಲಿ ರಜಾಕಾರರಲ್ಲದ ಸಾವಿರಾರು ಮುಸ್ಲಿಮರೂ ಸತ್ತರು ಎಂದು ಪಂಡಿತ ಸುಂದರಲಾಲ್ ಸಮಿತಿ ಬರೆದಿದೆ. ನಮ್ಮ ತಿಂಥಣಿ ಮೌನೇಶ್ವರನ ಜಾತ್ರೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಅಂಥ ಸೀಮೆಯ ಮಕ್ಕಳು ಎರಡೂ ಕಡೆಯ ಕಣ್ಣೀರನ್ನು ನೆನೆಯಬೇಕು.

ಗಡಿ ಉಳಿದಿದ್ದರೆ?

ದೂರದ ಪಂಜಾಬಿನಲ್ಲಿ ರಾವಿ ಹೊಳೆಯ ಹತ್ತಿರ ಡೇರಾ ಬಾಬಾ ನಾನಕ್ ಎಂಬ ಸಣ್ಣ ಊರಿದೆ. ಆಚೆ ಪಾಕಿಸ್ತಾನದ ಕರ್ತಾರ್‌ಪುರದಲ್ಲಿ ಗುರುನಾನಕರ ಗುರುದ್ವಾರ. ನಾಲ್ಕೈದು ಕಿಲೋಮೀಟರ್ ಅಷ್ಟೆ. ಆದರೂ ಭಕ್ತರು ಎಷ್ಟೋ ವರ್ಷ ದುರ್ಬೀನಿನಲ್ಲಿ ನೋಡಿ ಕೈಮುಗಿಯಬೇಕಾಯಿತು. ದಾರಿ ತೆರೆದದ್ದು 2019ರಲ್ಲಿ. ನಮ್ಮ ಗಡಿ ಉಳಿದಿದ್ದರೆ ತಾಳಿಕೋಟಿಯ ಭಕ್ತರು ತಿಂಥಣಿಗೆ ಹೀಗೇ ಬರಬೇಕಿತ್ತೋ ಏನೋ.

ನೀರಿನ ಮಾತಂತೂ ಇನ್ನೂ ದೊಡ್ಡದು. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟಿ ಬಿಜಾಪುರ ಸೀಮೆ ದಾಟಿ ನಮ್ಮ ಕಡೆ ಬರುತ್ತಾಳೆ. ಸಿಂಧೂ ನದಿ ಎರಡು ದೇಶಗಳಲ್ಲಿ ಹರಿಯುವುದರಿಂದ 1960ರಲ್ಲಿ ಒಪ್ಪಂದ ಬೇಕಾಯಿತು. 2025ರಲ್ಲಿ ಭಾರತ ಅದನ್ನು ತಡೆಹಿಡಿಯಿತು. ಕೃಷ್ಣೆಗೂ ಜಗಳ ಇದ್ದೇ ಇದೆ, ಆದರೆ ಒಂದೇ ದೇಶದೊಳಗಿನ ಜಗಳ. 1969ರಲ್ಲಿ ನೇಮಿಸಿದ ಬಚಾವತ್ ನ್ಯಾಯಮಂಡಳಿ ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು. ನಾರಾಯಣಪುರದಲ್ಲಿ ಬಸವಸಾಗರ ಕಟ್ಟಿ, ಕಾಲುವೆಯಿಂದ ನಮ್ಮ ತಾಲೂಕಿಗೆ ನೀರು ಬಂತು. ಮೇಲಿನ ಆಲಮಟ್ಟಿ ಬೇರೆ ದೇಶದಲ್ಲಿದ್ದಿದ್ದರೆ ನಮ್ಮ ಭತ್ತದ ಗದ್ದೆಯ ಗತಿ ಏನು?

ಗಡಿ ಇನ್ನೂ ಎಲ್ಲಿದೆ?

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಗಡಿ ಹೋಯಿತು. ಆದರೆ ನಾವು ಪಹಣಿ ಅನ್ನುವುದಕ್ಕೆ ಬಿಜಾಪುರ ಕಡೆಯ ಹಿರಿಯರು ಇನ್ನೂ ಉತಾರ ಅನ್ನುತ್ತಾರೆ. ಶಾಲೆ, ರಸ್ತೆ, ನೌಕರಿಗಳಲ್ಲಿ ನಮ್ಮ ಭಾಗ ಹಿಂದುಳಿಯಿತು. ಅದಕ್ಕೇ 2012ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂತು. ನಾಳೆ ನಾವು ಕಾಲೇಜಿಗೆ, ನೌಕರಿಗೆ ಅರ್ಜಿ ಹಾಕುವಾಗ ಆ ಪ್ರಮಾಣಪತ್ರ ಕೇಳುತ್ತಾರೆ. ಅದು ಬರೀ ಕಾಗದವಲ್ಲ, ನಮ್ಮ ಮುತ್ತ್ಯಾಂದಿರು ಕಂಡ ಗಡಿಯ ಗುರುತು. ಅದನ್ನು ಪಡೆದವರು ಓದಿ ಮುಂದೆ ಬಂದರೆ ಮಾತ್ರ ಆ ಗಡಿ ಪೂರ್ತಿ ಅಳಿದಂತೆ.

ನೆನಪಿಡಿ
1860: ಸುರಪುರ ನಿಜಾಮನಿಗೆ
15-8-1947: ಭಾರತಕ್ಕೆ ಸ್ವಾತಂತ್ರ್ಯ
17-9-1948: ನಮಗೆ ವಿಮೋಚನೆ
1-11-1956: ಕನ್ನಡ ನಾಡಿನ ಏಕೀಕರಣ
30-12-2009: ಯಾದಗಿರಿ ಜಿಲ್ಲೆ
17-9-2019: ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರು

ಮನೆಗೆಲಸ
1. ಹಾಲಿ ಸಿಕ್ಕಾದ 35 ರೂಪಾಯಿಗೆ ಎಷ್ಟು ಕಲ್ದಾರ ರೂಪಾಯಿ ಬರುತ್ತಿತ್ತು? ಲೆಕ್ಕ ಮಾಡಿ.
2. ನಿಮ್ಮ ಮನೆಯಲ್ಲಿ ಉರ್ದುವಿನ ಹಳೆಯ ಕಾಗದ, ಹಾಲಿ ನಾಣ್ಯ ಇದ್ದರೆ ನೋಡಿ ಬನ್ನಿ. ಹರಿಯಬೇಡಿ, ಒಗೆಯಬೇಡಿ.
3. ಎಂಬತ್ತೈದು ದಾಟಿದ ಮುತ್ತ್ಯಾ, ಅಮ್ಮ ಇದ್ದರೆ ಇವತ್ತೇ ಹತ್ತಿರ ಕುಂತು ಕೇಳಿ, ಬರೆದುಕೊಳ್ಳಿ. ಮುಂದಿನ ವರ್ಷಕ್ಕೆ ಅಂತ ಇಡಬೇಡಿ.

ತಪ್ಪಿದ್ದರೆ ಗುರುಗಳು ಕೆಂಪು ಶಾಯಿಯಿಂದ ತಿದ್ದಬೇಕಾಗಿ ವಿನಂತಿ. ಐದನೆಯ ತರಗತಿಯ ತಮ್ಮನಿಗೆ: ಈಗ ಗೊತ್ತಾಯ್ತಾ, ಝಂಡಾ ಯಾಕ ಎರಡು ಸಲ?